ಅಂಡಾಶಯವೂ ನೆನಪೂ

ದೊಡ್ಡಮ್ಮನಿಗೆ 38ನೆಯ ವಯಸ್ಸಿನಲ್ಲಿ ಗರ್ಭಕೋಶ ತೆಗೆದಾಗ ಅದರೊಂದಿಗೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರೆಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಹಳೆಯ ಡಿಸ್ಚಾರ್ಜ್ ಚೀಟಿಯನ್ನು ಓದಿದಾಗ. ಆಪರೇಷನ್ ಆದ ಮೇಲಿನ ತಿಂಗಳುಗಳಲ್ಲಿ, ಹೇಳಬೇಕೆಂದ ಪದ ನಾಲಿಗೆಯ ತುದಿಗೆ ಬಂದು ಜಾರಿಹೋಗುತ್ತದೆ ಎಂದು ಅವರು ಹೇಳುತ್ತಿದ್ದುದನ್ನು ನಾವೆಲ್ಲ ನಿಶ್ಶಕ್ತಿ ಎಂದುಕೊಂಡೆವು. ಒಬ್ಬರ ಅನುಭವದಿಂದ ಕಾರಣವನ್ನು ನಿರ್ಧರಿಸಲಾಗದು, ನಿಜ. ಆದರೂ ಆ ಮಾತಿಗೆ ಕಿವಿಗೊಡದಿದ್ದುದರ ನೋವು ನನಗೆ ಇಂದಿಗೂ ಇದೆ.

ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಎಂದೊಡನೆ ನಮಗೆ ಹೊಳೆಯುವುದು ಮುಟ್ಟು ಮತ್ತು ಬಸಿರು ಮಾತ್ರ. ಆದರೆ ನೆನಪುಗಳು ರೂಪುಗೊಳ್ಳಲು ಬೇಕಾದ, ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿಯೂ ಆ ಹಾರ್ಮೋನಿನ ಸಂಕೇತವನ್ನು ಹಿಡಿದುಕೊಳ್ಳುವ ಗ್ರಾಹಕಗಳಿವೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್‌ಎವೆನ್, ಕ್ಯಾಥರೀನ್ ವುಲಿ ಮತ್ತು ಸಂಗಡಿಗರು 1990ರಲ್ಲಿ ಹೆಣ್ಣು ಇಲಿಗಳಲ್ಲಿ ಕಂಡದ್ದು ಬೆರಗು ಹುಟ್ಟಿಸುವಂಥದು: ಅಲ್ಲಿನ ನರಕೋಶಗಳ ಕವಲುಗಳ ಮೇಲೆ ಮುಳ್ಳಿನಂತೆ ಚಾಚಿಕೊಂಡು ಪಕ್ಕದ ಕೋಶಗಳ ಸಂದೇಶವನ್ನು ಪಡೆಯುವ ಸೂಕ್ಷ್ಮ ರಚನೆಗಳು, ನಾಲ್ಕೈದು ದಿನಗಳ ಋತುಚಕ್ರದಲ್ಲಿ ಈಸ್ಟ್ರೋಜನ್ ಏರಿದಾಗ ದಟ್ಟವಾಗಿ, ಮುಂದಿನ 24 ಗಂಟೆಗಳಲ್ಲಿಯೇ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತಿದ್ದವು. ಬೆಳೆದ ಮಿದುಳು ಹೀಗೆ ದಿನದಿಂದ ದಿನಕ್ಕೆ ಬದಲಾಗಬಲ್ಲದೆಂದು ಆಗ ಹೆಚ್ಚಿನವರು ನಂಬಿರಲಿಲ್ಲ. (ಗಂಡಸರ ಮಿದುಳಿಗೂ ಈ ಹಾರ್ಮೋನು ಹೊರಗಿನದಲ್ಲ, ಅಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಒಂದಂಶ ಈಸ್ಟ್ರೋಜನ್ನಾಗಿಯೇ ಮಾರ್ಪಡುತ್ತದೆ.)

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬಾರ್ಬರಾ ಶೆರ್ವಿನ್ ಅಂಡಾಶಯ ತೆಗೆಸಿಕೊಂಡ ಮಹಿಳೆಯರನ್ನೇ ಪರೀಕ್ಷಿಸಿದರು. 1992ರಲ್ಲಿ ಪ್ರಕಟವಾದ ಆ ಚಿಕ್ಕ ಅಧ್ಯಯನದಲ್ಲಿ, ಈಸ್ಟ್ರೋಜನ್ ಪಡೆದವರು ಜೋಡಿ ಪದಗಳನ್ನು ಮೊದಲಿನಂತೆಯೇ ನೆನಪಿಟ್ಟುಕೊಂಡರೆ, ಔಷಧವಿಲ್ಲದ ಚುಚ್ಚುಮದ್ದು ಪಡೆದವರ ಅಂಕ ಇಳಿದಿತ್ತು.

ಹಾಗೆಂದು ಈಸ್ಟ್ರೋಜನ್ ಎಲ್ಲರಿಗೂ ಮದ್ದಲ್ಲ. 65 ದಾಟಿದ 4,500ಕ್ಕೂ ಹೆಚ್ಚು ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ಒಟ್ಟಿಗೆ ಪಡೆದವರಲ್ಲಿ ಮರೆಗುಳಿ ರೋಗದ ಅಪಾಯ ಇಮ್ಮಡಿಯಾಗಿತ್ತು. ಹಾರ್ಮೋನನ್ನು ಯಾವ ವಯಸ್ಸಿನಲ್ಲಿ ಕೊಡಲಾಗುತ್ತದೆ ಎಂಬುದೇ ಮುಖ್ಯವಿರಬಹುದೆಂದು ಅನೇಕ ಸಂಶೋಧಕರು ಭಾವಿಸುತ್ತಾರೆ. ಈ ಚರ್ಚೆ ಇನ್ನೂ ಮುಗಿದಿಲ್ಲ.

ಕಳೆದ ವರ್ಷ ನನ್ನ ತಂಗಿಗೆ ಗಡ್ಡೆಯ ಕಾರಣ ಗರ್ಭಕೋಶ ತೆಗೆಯಬೇಕಾಗಿ ಬಂತು. ಅಂಡಾಶಯಗಳನ್ನೂ ತೆಗೆಯುವಿರಾ, ತೆಗೆಯುವುದಾದರೆ ಏಕೆ ಎಂದು ಈ ಬಾರಿ ಮೊದಲೇ ಕೇಳಿದೆವು. ಅವು ಆರೋಗ್ಯವಾಗಿದ್ದವು, ವೈದ್ಯರು ಉಳಿಸಿದರು.