ಎರಡೇ ಸೀಟು, ಆದ್ರೂ ಕಪಾಟು ಬಂತು

ಹಳೇ ಸ್ಪೋರ್ಟ್ಸ್ ಕಾರ್ ಇಟ್ಕೊಂಡಿದೀನಿ ಅಂದ ತಕ್ಷಣ ಜನ ಕೇಳೋದು ಒಂದೇ, ಅದ್ರಲ್ಲಿ ಸಾಮಾನು ಏನ್ ಹಿಡಿಸುತ್ತೆ ಅಂತ. ಡಿಕ್ಕಿ ತೆಗ್ದು ನೋಡಿದ್ರೆ ಅವ್ರು ಹೇಳೋದೇ ಸರಿ ಅನ್ಸುತ್ತೆ, ನಂದು ಮೊದಲ್ನೇ ತಲೆಮಾರಿನ ಮಜ್ದಾ ಎಂಎಕ್ಸ್-5, 1989ರಲ್ಲಿ ಬಂದ ಮಾಡೆಲ್, ಅದ್ರ ಡಿಕ್ಕೀಲಿ ಸ್ಟೆಪ್ನಿ ಬ್ಯಾಟರಿ ಎರಡೂ ಕೂತು ಜಾಗ ತಿಂದಿರ್ತಾವೆ. ಆದ್ರೆ ಅಳತೆ ತಗೋಬೇಕಾದ್ದು ಡಿಕ್ಕೀದಲ್ಲ, ಪಕ್ಕದ ಸೀಟಿಂದು. ಟಾಪ್, ಅಂದ್ರೆ ಮಡಚೋ ಮೇಲ್ಛಾವಣಿ, ಇಳಿಸಿದ್ರೆ ಆ ಜಾಗಕ್ಕೆ ಸೂರೇ ಇಲ್ಲ! ಸೆಡಾನ್ ಬಾಗಿಲಲ್ಲಿ ತೂರದೇ ಇರೋ ಎಷ್ಟೋ ವಸ್ತು ಇಲ್ಲಿ ಮೇಲಿಂದ ನೇರವಾಗಿ ಇಳಿಯುತ್ತೆ.

ಪುಸ್ತಕದ ಕಪಾಟು ತಂದಿದ್ದು ಹಂಗೇ. ಪಕ್ಕದ ಸೀಟು ನಾಲ್ಕು ಬೋಲ್ಟಲ್ಲಿ ನಿಂತಿರುತ್ತೆ, ಅದನ್ನ ಬಿಚ್ಚಿ ಆಚೆ ಇಟ್ಟು, ಅಲ್ಲಿ ಹಳೇ ಕಂಬಳಿ ಹಾಸಿ, ಕಪಾಟಿನ ಬುಡ ಕಾಲಿಡೋ ಜಾಗಕ್ಕೆ ತಾಗೋ ಹಂಗೆ ಓರೆಯಾಗಿ ಹಿಂದಕ್ಕೆ ಒರಗಿಸಿದ್ವಿ, ಮಡಚಿಟ್ಟ ಟಾಪ್ ಮೇಲೆ ಭಾರ ಬೀಳ್ದೇ ಇರ್ಲಿ ಅಂತ ಇನ್ನೊಂದು ದಪ್ಪ ಕಂಬಳಿ. ಕಟ್ಟೋ ಮುಂಚೆ ಗೇರ್ ಎಲ್ಲಾ ಒಂದ್ಸಲ ಹಾಕಿ ನೋಡ್ಲೇಬೇಕು, ಹ್ಯಾಂಡ್‌ಬ್ರೇಕೂ ಎಳೆದು ನೋಡ್ಬೇಕು, ನಿಂತಾಗ ದೂರ ಇದ್ದ ಹಲಗೆ ತಿರುವಲ್ಲಿ ಜರುಗಿ ಗೇರ್ ಲಿವರ್‌ಗೆ ತಾಗುತ್ತೆ. ಕಟ್ಟೋ ಬೆಲ್ಟನ್ನ ಚಪ್ಪಟೆಯಾಗಿ ಎಳೆದ್ರೆ ಗಾಳಿಗೆ ಗುಂಯ್ ಅಂತ ಅದುರೋಕೆ ಶುರುವಾಗುತ್ತೆ, ಮಧ್ಯೆ ಒಂದು ತಿರುಚು ಕೊಟ್ರೆ ನಿಲ್ಲುತ್ತೆ.

ಇಷ್ಟೆಲ್ಲಾ ಆದ್ಮೇಲೂ ಗಾತ್ರ ಅಷ್ಟು ದೊಡ್ಡ ಸಮಸ್ಯೆ ಅಲ್ಲ, ತೂಕ ಎಲ್ಲಿ ಕೂರುತ್ತೆ ಅನ್ನೋದೇ ಸಮಸ್ಯೆ. ಒಂದು ಟನ್ ಕೂಡ ತೂಗದ ಕಾರು ಇದು. ಹಿಂದಿನ ಆಕ್ಸಲ್‌ಗಿಂತ ಆಚೆ, ಡಿಕ್ಕಿ ಮೇಲಿನ ರ್‍ಯಾಕಲ್ಲಿ ಭಾರ ಹೇರಿದ್ರೆ ಮುಂದಿನ ಚಕ್ರ ಹಗುರ ಆಗುತ್ತೆ, ಸ್ಟೀರಿಂಗ್ ಹಿಡಿತ ಸಡಿಲ ಅನ್ಸುತ್ತೆ, ತಿರುವಲ್ಲಿ ಹಿಂಬದಿ ಎಳೆಯುತ್ತೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡಿಯುತ್ತೆ. ಅದಕ್ಕೇ ನಾನು ಭಾರದ್ದೆಲ್ಲಾ ಪಕ್ಕದ ಸೀಟಿನ ಜಾಗದಲ್ಲಿ ನೆಲಕ್ಕೆ ಹತ್ರ ಇಡ್ತೀನಿ, ರ್‍ಯಾಕಿಗೆ ಹಗುರದ್ದು ಮಾತ್ರ. ಸುತ್ತಿಟ್ಟ ಫೋಮ್ ಹಾಸಿಗೆ ಓಕೆ, ಟೂಲ್ ಬಾಕ್ಸ್ ಬೇಡವೇ ಬೇಡ.

ಬೇರೆ ಕಾರುಗಳಲ್ಲಿ ಲೆಕ್ಕ ಬೇರೆ. 1958ರ ಫ್ರಾಗ್‌ಐ ಸ್ಪ್ರೈಟ್‌ಗೆ ಡಿಕ್ಕಿ ಮುಚ್ಚಳಾನೇ ಇಲ್ಲ, ಸೀಟಿನ ಬೆನ್ನು ಬಗ್ಗಿಸಿ ಒಳಗಿಂದ ತುರುಕ್ಬೇಕು. ಫಿಯಟ್ ಎಕ್ಸ್1/9ಗೆ ಎಂಜಿನ್ ಮಧ್ಯದಲ್ಲಿರೋದ್ರಿಂದ ಮುಂದೊಂದು ಹಿಂದೊಂದು ಡಿಕ್ಕಿ, ಆದ್ರೆ ಬಿಚ್ಚಿದ ರೂಫ್ ಮುಂದಿನ ಡಿಕ್ಕೀಗೇ ಹೋಗ್ಬೇಕು. ಸಾಮಾನು ಸಾಗಿಸೋ ವಿಷಯಕ್ಕೆ ನನ್ನ ವೋಟು ಎಂಜಿಬಿ ಜಿಟಿಗೆ, 1965ರಲ್ಲೇ ಹಿಂದೆ ಪೂರ್ತಿ ಮೇಲಕ್ಕೆ ತೆರೆಯೋ ಬಾಗಿಲು ಕೊಟ್ಟಿದ್ರು, ಹಿಂದಿನ ಪುಟ್ಟ ಸೀಟಿನ ಬೆನ್ನು ಮಡಚಿದ್ರೆ ಉದ್ದಕ್ಕೆ ಸಮತಟ್ಟು ಜಾಗ ಸಿಗುತ್ತೆ, ಅದೂ ಅಷ್ಟು ಚಂದದ ಕಾರಲ್ಲಿ.

ಟಾಪ್ ಹಾಕ್ಕೊಂಡೇ ಉದ್ದದ ಪೈಪೋ ಹಲಗೆನೋ ತರೋರು ಎಂಎಕ್ಸ್-5ರ ಹಿಂದಿನ ಪ್ಲಾಸ್ಟಿಕ್ ಕಿಟಕಿ ಜಿಪ್ ಬಿಚ್ಚಿ ಅಲ್ಲಿಂದ ಆಚೆ ಬಿಡಬಹುದು, ಆದ್ರೆ ಚಳೀಲಿ ಆ ಪ್ಲಾಸ್ಟಿಕ್ ಗಡುಸಾಗಿರುತ್ತೆ, ಮಡಚಿದ್ರೆ ಸೀಳುತ್ತೆ, ಸ್ವಲ್ಪ ಬೆಚ್ಚಗಾದ್ಮೇಲೆ ಬಿಚ್ಚಿ. ಆಚೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ. ಮತ್ತೆ ಹೊರಟು ನಾಲ್ಕೈದು ಕಿಲೋಮೀಟರ್ ಆದ್ಮೇಲೆ ಒಂದ್ಸಲ ನಿಲ್ಸಿ ಬೆಲ್ಟ್ ಎಳೆದು ನೋಡಿ, ಕಂಬಳಿ ಅಮುಕಿಕೊಂಡು ಸಡಿಲ ಆಗೇ ಆಗಿರುತ್ತೆ.