ಟಿವಿ ಅಂಗಡಿಯಲ್ಲಿ ಮೈದಾನದ ಹಸಿರು

18 ಜನವರಿ 2026, ಭಾನುವಾರ
ಸದಾಶಿವಗಡ, ಕಾರವಾರ

ಫೆಬ್ರವರಿ 7ಕ್ಕೆ ಟಿ20 ವಿಶ್ವಕಪ್ ಶುರು. ಅದರ ಬೆನ್ನಿಗೆ ಐಪಿಎಲ್. ಜೂನ್ 11ರಿಂದ ಫುಟ್‌ಬಾಲ್ ವಿಶ್ವಕಪ್, ಈ ಸಲ 48 ತಂಡಗಳು. ಗೋವಾ ಗಡಿಗೆ ಅಂಟಿಕೊಂಡಿರುವ ನಮ್ಮ ಕಡೆ ಫುಟ್‌ಬಾಲ್ ಅಂದರೂ ಜನ ನಿದ್ದೆ ಬಿಡುತ್ತಾರೆ. ಮನೆಯ 32 ಇಂಚಿನ ಟಿವಿಯಲ್ಲಿ ಅಪ್ಪನಿಗೆ ಸ್ಕೋರ್ ಓದಲು ಆಗುತ್ತಿಲ್ಲ, ಎದ್ದು ಹತ್ತಿರ ಹೋಗಬೇಕು. ಹಾಗಾಗಿ ದೊಡ್ಡ ಟಿವಿ ತರುವುದೆಂದು ತೀರ್ಮಾನವಾಯಿತು. 60 ಸಾವಿರದ ಒಳಗೆ.

ಮೊದಲು ಹಾಲ್ ಅಳತೆ ಮಾಡಿದೆವು. ಸೋಫಾದಿಂದ ಗೋಡೆಗೆ ಏಳೂವರೆ ಅಡಿ. 4ಕೆ ಟಿವಿಯಾದರೆ ಪರದೆಯ ಕರ್ಣದ ಒಂದೂವರೆ ಪಟ್ಟು ದೂರ ಕೂತರೆ ಹಿತ. 55 ಇಂಚಿಗೆ ಅದು ಸುಮಾರು 7 ಅಡಿ, 65 ಇಂಚಿಗೆ 8 ಅಡಿ. ಅಂದರೆ ಎರಡೂ ನಡೆಯುತ್ತದೆ. 65 ಇಂಚಿನ ಪರದೆ 55ಕ್ಕಿಂತ ಹತ್ತಿರ ಹತ್ತಿರ ಶೇ 40ರಷ್ಟು ದೊಡ್ಡದು, ಆಸೆ ಆಗುವುದು ಸಹಜ. ತಮ್ಮ ಮೊದಲಿನಿಂದಲೂ 65ರ ಪಕ್ಷ.

ಪೇಟೆಯ ಅಂಗಡಿಗೆ ಹೋದರೆ ಎಲ್ಲ ಟಿವಿಯಲ್ಲೂ ಒಂದೇ ಥರದ ವಿಡಿಯೊ. ಹೂವು, ಗಿಳಿ, ನಿಧಾನವಾಗಿ ಬೀಳುವ ಜೇನು. ಇದನ್ನು ನೋಡಿ ಟಿವಿ ಆರಿಸಬಾರದು. ಅದರಲ್ಲಿ ಯಾವುದೂ ಓಡುವುದಿಲ್ಲ. ನಾನು ಕೇಳಿ ಸೆಟ್‌ಟಾಪ್ ಬಾಕ್ಸ್‌ನ ಸ್ಪೋರ್ಟ್ಸ್ ಚಾನೆಲ್ ಹಾಕಿಸಿದೆ. ಆಮೇಲೆ ಆ್ಯಪ್‌ನಲ್ಲಿ ಕಳೆದ ವರ್ಷ ಜೂನ್ 3ರ ಐಪಿಎಲ್ ಫೈನಲ್ ಹೈಲೈಟ್ಸ್. ಆರ್‌ಸಿಬಿ 6 ರನ್‌ಗಳಿಂದ ಗೆದ್ದ ಪಂದ್ಯ ಅಂದ ಮೇಲೆ ಕೇಳಬೇಕೇ, ಅಂಗಡಿಯ ಹುಡುಗನೂ ಕೆಲಸ ಬಿಟ್ಟು ಬಂದು ನಿಂತ. ಅವನ ಕೈಲೇ ಪಿಕ್ಚರ್ ಮೋಡ್ ಬದಲಾಯಿಸಿದೆವು. ಅಂಗಡಿಯಲ್ಲಿ ಕಣ್ಣು ಕುಕ್ಕುವ 'ವಿವಿಡ್' ಇಟ್ಟಿರುತ್ತಾರೆ, ಮನೆಯಲ್ಲಿ ಯಾರೂ ಹಾಗೆ ನೋಡುವುದಿಲ್ಲ.

ಮೊದಲು ನೋಡಬೇಕಾದದ್ದು ಹಸಿರು. ಚೆಂಡು ಬೌಂಡರಿ ಕಡೆ ಹೋಗುವಾಗ ಕ್ಯಾಮೆರಾ ಅದರ ಹಿಂದೆ ಮೈದಾನದ ಮೇಲೆ ಹಾಯುತ್ತದಲ್ಲ, ಆಗ ಪರದೆಯ ಮೇಲೆ ಮಬ್ಬು ಪಟ್ಟಿಗಳು, ಕೊಳೆಯಂಥ ಕಲೆಗಳು ಕಾಣುತ್ತವಾ ಅಂತ ಗಮನಿಸಿ. ಹಿಂಬದಿ ಬೆಳಕು ಎಲ್ಲ ಕಡೆ ಸಮನಾಗಿ ಹರಡದಿದ್ದರೆ ಹೀಗಾಗುತ್ತದೆ. ಸೀರಿಯಲ್ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಕ್ರಿಕೆಟ್, ಫುಟ್‌ಬಾಲ್ ನೋಡುವವರಿಗೆ ಒಮ್ಮೆ ಕಣ್ಣಿಗೆ ಬಿತ್ತೋ, ಆಮೇಲೆ ಅದೇ ಕಾಣುತ್ತಿರುತ್ತದೆ. ತಮ್ಮ ಮೆಚ್ಚಿದ 65 ಇಂಚಿನ ಪರದೆಯಲ್ಲಿ ಎಡಗಡೆ ಎರಡು ಉದ್ದ ಪಟ್ಟಿ ಸ್ಪಷ್ಟವಾಗಿ ಕಂಡವು. ಒಂದೇ ಮಾಡೆಲ್‌ನ ಎರಡು ಟಿವಿಯಲ್ಲೂ ಇದು ಬೇರೆ ಬೇರೆ ಇರಬಹುದು, ಆದ್ದರಿಂದ ಮನೆಗೆ ಬಂದ ಟಿವಿಯನ್ನೂ ಮೊದಲ ದಿನವೇ ಹೀಗೆ ಪರೀಕ್ಷೆ ಮಾಡಬೇಕು.

ಎರಡನೆಯದು ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನುವ ಲೆಕ್ಕ. ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಟಿವಿ ಪ್ರಸಾರ ಸೆಕೆಂಡಿಗೆ 50ರ ಲೆಕ್ಕದಲ್ಲಿ ಬರುತ್ತದೆ. ಮಾಮೂಲಿ ಪ್ಯಾನೆಲ್ ಸೆಕೆಂಡಿಗೆ ಹೆಚ್ಚೆಂದರೆ 60 ಸಲ ಚಿತ್ರ ಬದಲಿಸುತ್ತದೆ. 50 ಚಿತ್ರ ಬಂದಾಗ ನಡುವೆ ಹೊಸದನ್ನು ಸೇರಿಸಲು ಅದಕ್ಕೆ ಜಾಗವೇ ಇಲ್ಲ. 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಬದಲಿಸುವ ಪ್ಯಾನೆಲ್ ಹಾಗಲ್ಲ. ಪ್ರತಿ ಎರಡು ಚಿತ್ರಗಳ ನಡುವೆ ಇನ್ನೊಂದನ್ನು ಲೆಕ್ಕ ಹಾಕಿ ಸೇರಿಸಿ 100 ಮಾಡಬಲ್ಲದು. ಚೆಂಡಿನ ಹಿಂದೆ ಬಾಲದಂತೆ ಎಳೆಯುವ ಮಸುಕು ಕಡಿಮೆಯಾಗುತ್ತದೆ. ಇದನ್ನೇ ಎಂಇಎಂಸಿ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತಾರೆ. ಅದನ್ನು ಪೂರ್ತಿ ಏರಿಸಿದರೆ ವೇಗದ ಬೌಲಿಂಗ್‌ನಲ್ಲಿ ಚೆಂಡೇ ಕ್ಷಣಕಾಲ ಮಾಯವಾಗುತ್ತದೆ. ಅರ್ಧಕ್ಕಿಂತ ಕೆಳಗೆ ಇಟ್ಟರೆ ಸಾಕು.

'ಮೋಷನ್ ರೇಟ್ 240' ಅಂತ ದೊಡ್ಡಕ್ಷರದಲ್ಲಿ ಇದ್ದರೆ ಅದು ಪ್ಯಾನೆಲ್‌ನ ನಿಜವಾದ ಲೆಕ್ಕ ಅಲ್ಲ, ಜಾಹೀರಾತಿನ ಲೆಕ್ಕ. 'ನೇಟಿವ್ ರಿಫ್ರೆಶ್ ರೇಟ್ ಎಷ್ಟು' ಅಂತಲೇ ಕೇಳಬೇಕು. ನಾನು ಕೇಳಿದಾಗ ಹುಡುಗ ಫೋನ್‌ನಲ್ಲಿ ಕಂಪನಿಯ ಪುಟ ತೆಗೆದು ತೋರಿಸಿದ. ತಮ್ಮನ 65 ಇಂಚಿನದು 60 ಹರ್ಟ್ಸ್. ಹತ್ತಿರ ಹತ್ತಿರ ಅದೇ ಬೆಲೆಯ 55 ಇಂಚಿನದು 120.

ಇನ್ನೊಂದು ಮಾತು ನಮ್ಮ ಕಡೆಯ ಮನೆಗಳಿಗಾಗಿ. ಪಂದ್ಯ ಇದ್ದರೆ ನಮ್ಮ ಹಾಲ್‌ನಲ್ಲಿ ಸೋಫಾದ ಮೇಲೆ ಮೂರೇ ಜನ. ಉಳಿದವರೆಲ್ಲ ಗೋಡೆ ಬದಿಗೆ, ಬಾಗಿಲ ಹತ್ತಿರ, ನೆಲದ ಮೇಲೆ. ಎಲ್‌ಸಿಡಿ ಪ್ಯಾನೆಲ್‌ಗಳಲ್ಲಿ ವಿಎ, ಐಪಿಎಸ್ ಎಂಬ ಬಗೆಗಳಿವೆ. ವಿಎ ಪ್ಯಾನೆಲ್ ಎದುರಿನಿಂದ ಚೆನ್ನಾಗಿ ಕಪ್ಪು ತೋರಿಸುತ್ತದೆ, ಪಕ್ಕದಿಂದ ನೋಡಿದರೆ ಬಣ್ಣ ತೊಳೆದು ಹೋದಂತಾಗುತ್ತದೆ. ಐಪಿಎಸ್ ಪ್ಯಾನೆಲ್‌ನ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ, ಆದರೆ ಬದಿಯಲ್ಲಿ ಕೂತವರಿಗೂ ಚಿತ್ರ ಸರಿಯಾಗಿ ಕಾಣುತ್ತದೆ. ಕತ್ತಲೆ ಮಾಡಿ ಸಿನಿಮಾ ನೋಡುವವರು ವಿಎ ತಗೊಳ್ಳಲಿ. ಮಧ್ಯಾಹ್ನ ಬಾಗಿಲು ತೆರೆದಿಟ್ಟು ಹತ್ತು ಜನ ಕೂತು ಮ್ಯಾಚ್ ನೋಡುವ ಮನೆಗೆ ಐಪಿಎಸ್ಸೇ ಸರಿ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಅಂಗಡಿಯಲ್ಲಿ ಟಿವಿಯ ಪಕ್ಕಕ್ಕೆ ಸರಿದು ನಿಂತು ನೋಡಿ, ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಹಿಂಬದಿ ಬೆಳಕಿಲ್ಲದೆ ಪ್ರತಿ ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಇದೆಲ್ಲಕ್ಕಿಂತ ಚೆನ್ನ, ಕಪ್ಪೂ ಸೊಗಸು, ಕೋನವೂ ಸೊಗಸು. ಬೆಲೆ ನಮ್ಮ ಕೈಗೆ ಎಟುಕುವುದಿಲ್ಲ. ಜೊತೆಗೆ ಸ್ಕೋರ್ ಪಟ್ಟಿ, ಚಾನೆಲ್ ಲೋಗೊ ದಿನವಿಡೀ ಒಂದೇ ಜಾಗದಲ್ಲಿ ನಿಂತರೆ ಅದರ ಅಚ್ಚು ಉಳಿಯುವ ಭಯವೂ ಇದೆ. ಕ್ಯೂಎಲ್‌ಇಡಿ ಅಂದರೆ ಬೇರೆ ಏನೋ ಅಂದುಕೊಳ್ಳಬೇಡಿ. ಅದೂ ಹಿಂಬದಿ ಬೆಳಕಿನ ಎಲ್‌ಸಿಡಿಯೇ, ಬಣ್ಣ ಜಾಸ್ತಿ.

ಬೆಲೆಯ ವಿಷಯದಲ್ಲಿ ಒಂದು ಅನುಕೂಲ ಆಗಿದೆ. ಕಳೆದ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಬಿಟ್ಟು 50 ಸಾವಿರ ಇದ್ದ ಟಿವಿ ಮೊದಲು 64 ಸಾವಿರ ಆಗುತ್ತಿತ್ತು, ಈಗ 59 ಸಾವಿರ. ಉಳಿಯುವ 5 ಸಾವಿರವನ್ನು ಸೌಂಡ್‌ಬಾರ್‌ಗೆ ಇಡಿ ಅಂತ ಮನೆಯಲ್ಲಿ ಹೇಳಿದ್ದೇನೆ. ತೆಳ್ಳಗಿನ ಟಿವಿಗಳ ಸ್ಪೀಕರ್ ಸಣ್ಣದು. ಜೂನ್, ಜುಲೈಯಲ್ಲಿ ನಮ್ಮ ಶೀಟಿನ ಮೇಲೆ ಮಳೆ ಹೊಡೆಯುವಾಗ ಕಾಮೆಂಟರಿಯ ಒಂದು ಮಾತೂ ಕೇಳುವುದಿಲ್ಲ. ಫುಟ್‌ಬಾಲ್ ವಿಶ್ವಕಪ್ ಬರುವುದು ಅದೇ ಹೊತ್ತಿಗೆ, ಅದೂ ಹೆಚ್ಚಿನ ಪಂದ್ಯಗಳು ನಮಗೆ ರಾತ್ರಿ, ಬೆಳಗಿನ ಜಾವ. ಟಿವಿಯ ಶಬ್ದವನ್ನು ಸೌಂಡ್‌ಬಾರ್‌ಗೆ ಕಳಿಸುವ ಎಚ್‌ಡಿಎಂಐ ಎಆರ್‌ಸಿ ಕಿಂಡಿ ಟಿವಿಯಲ್ಲಿ ಇದ್ದರೆ ಒಂದೇ ವೈರ್, ಒಂದೇ ರಿಮೋಟ್.

ಆನ್‌ಲೈನ್‌ನಲ್ಲಿ ಇನ್ನೂ ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು. ಮಡಗಾಂವ್‌ಗೆ ಹೋಗಿ ತರೋಣ ಅಂತ ಮಾವನ ಸಲಹೆ. ನಾನು ಎರಡಕ್ಕೂ ಒಪ್ಪಲಿಲ್ಲ. ಇಷ್ಟು ದೊಡ್ಡ ಪರದೆಗೆ ದಾರಿಯಲ್ಲಿ ಪೆಟ್ಟು ಬಿದ್ದರೆ ವಾರಂಟಿ ಬರುವುದಿಲ್ಲ. ಪ್ಯಾನೆಲ್ ಬದಲಿಸುವ ಖರ್ಚು ಹೊಸ ಟಿವಿಯ ಹತ್ತಿರಕ್ಕೆ ಹೋಗುತ್ತದೆ. ಕಾರವಾರಕ್ಕೆ ಸರ್ವಿಸ್‌ನವರು ಬರುತ್ತಾರಾ, ಎಲ್ಲಿಂದ ಬರುತ್ತಾರೆ ಎಂದು ಕೇಳಿ ಬಿಲ್ ಮೇಲೆ ಬರೆಸಿಕೊಳ್ಳುವೆ.

ಕೊನೆಗೆ ತಮ್ಮನೂ 55ಕ್ಕೆ ಒಪ್ಪಿದ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಓವರ್ ನೋಡಿದ ಮೇಲೆ ಅವನೇ ಹೇಳಿದ, "ಇದರಲ್ಲಿ ಚೆಂಡಿನ ಸೀಮ್ ಕಾಣ್ತಿದೆ."

ಮುಂಗಡ ಕೊಟ್ಟು ಬಂದಿದ್ದೇನೆ. ಟಿವಿ ಇಳಿಸುವ ಮೊದಲು ಎರಡು ಕೆಲಸ ಬಾಕಿ. ಪಶ್ಚಿಮದ ಗೋಡೆ ಮಳೆಗಾಲದಲ್ಲಿ ತೇವ ಎಳೆಯುತ್ತದೆ, ಹಾಗಾಗಿ ಉತ್ತರದ ಗೋಡೆಗೆ ಪಾಯಿಂಟ್ ತರಬೇಕು. ಇನ್ನೊಂದು ಅರ್ಥಿಂಗ್. ಟಿವಿಯ ಹಿಂದಿನ ಲೇಬಲ್ ಮೇಲೆ 100-240 ವೋಲ್ಟ್ ಎಂದಿರುವುದರಿಂದ ಸ್ಟೆಬಿಲೈಸರ್‌ಗಿಂತ ಸಿಡಿಲಿನದೇ ನನಗೆ ಚಿಂತೆ. ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿಸುತ್ತೇನೆ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆ ಡಿಶ್‌ನ ಕೇಬಲ್ಲೂ ಕೀಳಬೇಕೆಂದು ಎಲ್ಲರಿಗೂ ಹೇಳಿದ್ದೇನೆ. ಎಲೆಕ್ಟ್ರಿಷಿಯನ್ ಬುಧವಾರ ಬರುತ್ತೇನೆ ಅಂದಿದ್ದಾರೆ.