ಗೊರಬಲಿನ ಚೀಟಿ, ರಾಶಿಯ ಕಣ್ಣೀರು

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನಿಗೆ ಜಗಳ ಹೊಸದಲ್ಲ. ತೂಕಕ್ಕೆ ಜಗಳ, ತೇವಕ್ಕೆ ಜಗಳ, ಟೆಂಡರ್ ದರಕ್ಕಂತೂ ದಿನವೂ ಜಗಳ. ಬೈಯುವವರನ್ನು ನಿಭಾಯಿಸುವುದು ಗೊತ್ತಿತ್ತು. ಅಳುವವರ ಎದುರು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಜನವರಿಯ ಒಂದು ಮಧ್ಯಾಹ್ನ, ಆವಕ ಜೋರಾಗಿದ್ದಾಗ, ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಮಾರಾಟದ ಪಟ್ಟಿ ಹಿಡಿದು ಬಂದರು. ತಂದದ್ದು ರಾಶಿ ಇಡಿ ದರ್ಜೆಯ ಅಡಿಕೆ. ಪಟ್ಟಿಯಲ್ಲಿ ಒಂದು ಲಾಟು ಪೂರ್ತಿ ಗೊರಬಲು. ರಾಶಿಗಿಂತ ಗೊರಬಲು ದರ್ಜೆಗೆ ದರ ಎಷ್ಟು ಕಡಿಮೆಯೆಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ತೂಕದ ಚೀಟಿ ತೆಗೆಸಿದೆ. ‘ರಾ’ ಎಂದಿದ್ದ ಕಡೆ ಅದರ ಮೇಲೆಯೇ ಒತ್ತಿ ‘ಗೊ’ ಎಂದು ತಿದ್ದಲಾಗಿತ್ತು. ಪಕ್ಕದಲ್ಲಿ ಸಹಿ ಇಲ್ಲ. ಅಕ್ಷರ ಯಾರದೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಾಗುವಂತಿತ್ತು.

“ಇದನ್ನು ಯಾಕೆ ತಿದ್ದಿದ್ದು?” ನಾನು ಕೇಳಿದ್ದು ಇಷ್ಟೇ.

ತೂಕದ ವಿಭಾಗದ ಸಹೋದ್ಯೋಗಿ ಪೆನ್ನಿಗೆ ಮುಚ್ಚಳ ಹಾಕಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೇಳಿ ಸಾರ್, ಕೇಳಿ. ಎಲ್ಲರ ಕಣ್ಣಿಗೂ ಬೀಳುವವನು ನಾನೊಬ್ಬನೇ. ಅಪ್ಪನನ್ನು ಡಯಾಲಿಸಿಸ್‌ಗೆ ಬಿಟ್ಟು ಊಟವಿಲ್ಲದೆ ಬಂದು ಕೂತಿದ್ದೇನೆ. ಇಷ್ಟು ವರ್ಷ ದುಡಿದದ್ದಕ್ಕೆ ಕಳ್ಳ ಅನ್ನಿಸಿಕೊಳ್ಳುವುದೊಂದು ಬಾಕಿ ಇತ್ತು.” ಕಳ್ಳ ಎಂಬ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ಅವರ ಗಂಟಲು ಕಟ್ಟಿತು. ಹಮಾಲರು ಚೀಲ ಇಳಿಸುವುದನ್ನು ನಿಲ್ಲಿಸಿ ನೋಡಿದರು. ಅವರನ್ನಲ್ಲ, ನನ್ನನ್ನು. “ಹಾಗಲ್ಲ, ನಾನು ಹೇಳಿದ್ದು ಹಾಗಲ್ಲ” ಎನ್ನತೊಡಗಿದೆ. ನೀರು ತರಿಸಿದೆ. ಕೊನೆಗೆ ದುಡ್ಡು ಕಳೆದುಕೊಂಡ ಬೆಳೆಗಾರರೇ ಅವರ ಹೆಗಲ ಮೇಲೆ ಕೈಯಿಟ್ಟು, “ಹೋಗಲಿ ಬಿಡಿ ಮಾರಾಯರೇ, ಮನೆಯ ಕಷ್ಟ ಯಾರಿಗಿಲ್ಲ” ಎಂದರು. ಚೀಟಿ ನನ್ನ ಕೈಯಲ್ಲೇ ಉಳಿಯಿತು. ಉತ್ತರ ಬರಲಿಲ್ಲ.

ಮನೋವೈದ್ಯ ಸ್ಟೀಫನ್ ಕಾರ್ಪ್‌ಮನ್ 1968ರಲ್ಲಿ ಇಂಥದ್ದನ್ನು ಒಂದು ತ್ರಿಕೋನವಾಗಿ ವಿವರಿಸಿದ್ದರು: ಪೀಡಕ, ಪೀಡಿತ, ರಕ್ಷಕ. ಪಾತ್ರಗಳು ಅದಲುಬದಲಾಗುತ್ತಲೇ ಇರುತ್ತವೆ. ನೀರು ಬರುವಷ್ಟರಲ್ಲಿ ನಾನು ಪೀಡಕನೂ ಆಗಿ ರಕ್ಷಕನೂ ಆಗಿದ್ದೆ. ನಿಜವಾಗಿ ನಷ್ಟವಾದವರಿಗೆ ಪೀಡಿತರ ಜಾಗವೇ ಸಿಗಲಿಲ್ಲ.

ಅಪ್ಪನ ಕಾಯಿಲೆ ಸುಳ್ಳಲ್ಲ. ಸುಳ್ಳಾಗಿದ್ದರೆ ನನ್ನ ಕೆಲಸ ಸಲೀಸಾಗುತ್ತಿತ್ತು. ಅವರು ಲೆಕ್ಕಹಾಕಿ ಅತ್ತರು ಎಂದೂ ಹೇಳಲಾರೆ. ಇಸ್ರೇಲಿನ ರಹಾವ್ ಗಬಾಯ್ ಮತ್ತು ಸಂಗಡಿಗರು 2020ರಲ್ಲಿ ಈ ‘ಸದಾ ಪೀಡಿತ’ ಭಾವವನ್ನು ಒಂದು ಸ್ವಭಾವವಾಗಿಯೇ ಅಧ್ಯಯನ ಮಾಡಿದರು. ತನ್ನ ನೋವನ್ನು ಎಲ್ಲರೂ ಒಪ್ಪಬೇಕೆಂಬ ಹಂಬಲ, ತಾನೇ ನೀತಿವಂತನೆಂಬ ನಂಬಿಕೆ, ಹಳೆಯ ಏಟನ್ನು ಮೆಲುಕು ಹಾಕುತ್ತಲೇ ಇರುವುದು, ಇತರರ ನೋವಿಗೆ ಮರುಗದಿರುವುದು ಅದರ ನಾಲ್ಕು ಮುಖಗಳು. ಕೊನೆಯದನ್ನು ಓದಿದಾಗ ಹೊಳೆಯಿತು: ಅಷ್ಟು ಹೊತ್ತಿನಲ್ಲಿ ನಮ್ಮವರು ಆ ಬೆಳೆಗಾರರಿಗೆ ಎಷ್ಟು ಹೋಯಿತೆಂದು ಒಂದು ಸಲವೂ ಕೇಳಿರಲಿಲ್ಲ.

ಹಾಗೆಂದು ಕಣ್ಣೀರು ಕಂಡಲ್ಲೆಲ್ಲ ನಾಟಕ ಎನ್ನುವುದು ಇನ್ನೂ ದೊಡ್ಡ ಮೋಸ. ನಮ್ಮಲ್ಲೇ ಅಡಿಕೆ ಆರಿಸುವ ಹೆಂಗಸೊಬ್ಬರು ಕೂಲಿ ಕಡಿಮೆ ಬಂತೆಂದು ಅತ್ತಾಗ ಮೇಲಿನವರು ಅದನ್ನೇ ಅಂದಿದ್ದರು. ಆಕೆ ಅಳುತ್ತಲೇ “ಪುಸ್ತಕ ತೆಗೆಯಿರಿ, ನೋಡಿ” ಎನ್ನುತ್ತಿದ್ದರು. ತೂಕದ ಸಹೋದ್ಯೋಗಿಯ ಅಳು ಪುಸ್ತಕ ಮುಚ್ಚಿಸಿತ್ತು. ನಾನು ಈಗ ಗಮನಿಸುವುದು ಅದನ್ನೇ.

ಚೀಟಿಯ ಜಗಳದ ಮರುದಿನ ಆ ಸಹೋದ್ಯೋಗಿಯನ್ನು ಒಳಗೆ ಕರೆದು ಎರಡು ಕಾಗದ ಕೊಟ್ಟೆ: ಒಂದು ಮುಂಗಡದ ಅರ್ಜಿ, ಇನ್ನೊಂದು ತಿದ್ದಿದ ಚೀಟಿಗೆ ವಿವರಣೆ. ಅಪ್ಪನ ವಿಷಯ ಮೊದಲನೆಯದರಲ್ಲಿ ಬರೆಯಿರಿ, ಎರಡನೆಯದರಲ್ಲಿ ಬೇಡ ಎಂದೆ. ಬಹಳ ಹೊತ್ತು ಸುಮ್ಮನೆ ಕೂತು, ಪಕ್ಕದ ಲಾಟಿನ ದರ್ಜೆ ಇಲ್ಲಿಗೆ ಬಿದ್ದಿದೆ ಎಂದು ಬರೆದರು. ಒಂದೇ ಸಾಲು. ಬೆಳೆಗಾರರಿಗೆ ವ್ಯತ್ಯಾಸದ ಹಣ ಸಂದಾಯವಾಯಿತು.

ಅವರಿಗೆ ನನ್ನ ಮೇಲಿನ ಸಿಟ್ಟು ಇಳಿದಿಲ್ಲ. ‘ಮನುಷ್ಯತ್ವ ಇಲ್ಲದವನು’ ಎಂದು ಕ್ಯಾಂಟೀನಿನಲ್ಲಿ ಹೇಳುತ್ತಾರಂತೆ. ದರ್ಜೆ ತಿದ್ದಿದವರ ಹೆಸರು ಸಾಫ್ಟ್‌ವೇರಿನಲ್ಲಿ ದಾಖಲಾಗಬೇಕೆಂದು ನಾನು ಬರೆದುಕೊಟ್ಟ ಕಡತ, “ಸಿಬ್ಬಂದಿಯ ಮನಸ್ಸಿಗೆ ನೋವಾಗಬಾರದು” ಎಂಬ ಷರಾದೊಂದಿಗೆ ವ್ಯವಸ್ಥಾಪಕರಿಂದ ವಾಪಸು ಬಂದಿದೆ.